ಟಿವಿ ಹಿಂದಿನ ಬಣ್ಣದ ದೀಪ: ಡಬ್ಬಿಯೋ, ಕ್ಯಾಮೆರಾನೋ, ಮೈಕೋ?

ಟಿವಿಯ ಬಣ್ಣಕ್ಕೆ ತಕ್ಕಂತೆ ಹಿಂದಿನ ಗೋಡೆಯೂ ಬಣ್ಣ ಬದಲಿಸಬೇಕು ಅನ್ನೋದು ಹೊಸ ಆಸೆಯೇನಲ್ಲ. ಫಿಲಿಪ್ಸ್ 2004ರಲ್ಲೇ ಆ್ಯಂಬಿಲೈಟ್ ಹೆಸರಿನಲ್ಲಿ ಟಿವಿಗೇ ದೀಪ ಕೂರಿಸಿ ಮಾರಿತ್ತು. ಈಗ ಯಾವ ಟಿವಿಗಾದರೂ ಹೊರಗಿನಿಂದ ಜೋಡಿಸಬಹುದು. ಪೆಟ್ಟಿಗೆ ಮೇಲೆ 1.6 ಕೋಟಿ ಬಣ್ಣ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ಬಿಡಿ. ಮನೆಯಲ್ಲಿ ಬೇರೆ ಬೇರೆ ಬಗೆ ಹಾಕಿ ನೋಡಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಪರದೆ ಮೇಲೆ ಏನು ಓಡುತ್ತಿದೆ ಅಂತ ದೀಪಕ್ಕೆ ಗೊತ್ತಾಗುವುದು ಹೇಗೆ?

ಫಿಲಿಪ್ಸ್ ಹ್ಯೂ ಸಿಂಕ್ ಬಾಕ್ಸ್ ಅನ್ನುವ ಡಬ್ಬಿಯಲ್ಲಿ ಗೊತ್ತಾಗುವುದು ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ತಂತಿಯಿಂದ. ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಗೇಮ್ ಕನ್ಸೋಲ್ ಎಲ್ಲ ಸೇರಿ ನಾಲ್ಕು ಸಾಧನಗಳನ್ನು ಇದಕ್ಕೆ ಚುಚ್ಚಬಹುದು. ಇದರಿಂದ ಒಂದು ತಂತಿ ಟಿವಿಗೆ ಹೋಗುತ್ತದೆ. ಚಿತ್ರ ಡಬ್ಬಿಯೊಳಗೇ ಹಾದುಹೋಗುವುದರಿಂದ ಬಣ್ಣ ಕರಾರುವಾಕ್ಕು. ಸಿನಿಮಾದಲ್ಲಿ ಎಡಗಡೆ ಬೆಂಕಿ ಹೊತ್ತಿಕೊಂಡರೆ ಎಡಗಡೆ ದೀಪ ಮಾತ್ರ ಕಿತ್ತಳೆಯಾಗುತ್ತದೆ, ಅದೂ ಆ ಕ್ಷಣದಲ್ಲೇ. ದೀಪಗಳನ್ನು ನಿಯಂತ್ರಿಸುವ ಬ್ರಿಜ್ ಅನ್ನುವ ಪುಟ್ಟ ಸಾಧನದಿಂದ ದೀಪಗಳಿಗೆ ಜಿಗ್‌ಬೀ ಅನ್ನುವ ನಿಸ್ತಂತು ರೇಡಿಯೋದಲ್ಲಿ ಸೆಕೆಂಡಿಗೆ 25 ಸಲದವರೆಗೂ ಬಣ್ಣ ರವಾನೆಯಾಗುತ್ತದೆ.

ತೊಡಕು ಎರಡು. ಒಂದು ದುಡ್ಡು. 2019ರಲ್ಲಿ ಬಂದಾಗ ಅಮೆರಿಕದಲ್ಲಿ ಡಬ್ಬಿಯೊಂದಕ್ಕೇ ಸುಮಾರು 230 ಡಾಲರ್ ಇತ್ತು, ದೀಪ, ಬ್ರಿಜ್ ಬೇರೆ. ಎರಡನೆಯದು ಇನ್ನೂ ಮುಖ್ಯ. ಟಿವಿಯೊಳಗಿನ ಆ್ಯಪ್‌ನಲ್ಲೇ ಯೂಟ್ಯೂಬ್ ಹಾಕಿದರೆ ಆ ಚಿತ್ರ ಡಬ್ಬಿ ಕಡೆ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ನೋಡುವುದು ಹಾಗೇ. ಪ್ರತ್ಯೇಕ ಸ್ಟಿಕ್ ಚುಚ್ಚಿ ಅದರಲ್ಲೇ ನೋಡಿ ಅಂದರೆ ಅಮ್ಮ ಒಪ್ಪಬೇಕಲ್ಲ! ಅವರ ಕೈಗೆ ರೂಢಿಯಾಗಿರುವುದು ಟಿವಿ ರಿಮೋಟೇ.

ಹಾಗಾಗಿ ಕ್ಯಾಮೆರಾ ಬಗೆ. ಟಿವಿಯ ತಲೆ ಮೇಲೆ ಒಂದು ಪುಟ್ಟ ಕ್ಯಾಮೆರಾ ಪರದೆಯನ್ನೇ ನೋಡುತ್ತಿರುತ್ತದೆ, ಹಿಂದೆ ಸ್ಟ್ರಿಪ್, ಅಂದರೆ ಸಾಲು ದೀಪಗಳ ಪಟ್ಟಿ, ಅಂಟಿಕೊಂಡಿರುತ್ತದೆ. ಸೀರಿಯಲ್ ಎಲ್ಲಿಂದ ಬಂದರೂ ಅದಕ್ಕೆ ಒಂದೇ. ಹೊಂದಿಸುವಾಗ ಪರದೆಯ ಅಂಚಿಗೆ ಕಿತ್ತಳೆ ಬಣ್ಣದ ಸ್ಪಂಜಿನ ತುಂಡು ಅಂಟಿಸಿ, ಆ್ಯಪ್‌ನಲ್ಲಿ ಅವುಗಳ ಮೇಲೆ ಚುಕ್ಕಿ ಎಳೆದು ಕೂರಿಸಬೇಕು. ಈ ಕೆಲಸ ಅವಸರದಲ್ಲಿ ಮಾಡಬೇಡಿ. ಚುಕ್ಕಿ ಸ್ವಲ್ಪ ಆಚೀಚೆಯಾದರೂ ಕೆಳಗಿನ ಬಣ್ಣ ಪಕ್ಕಕ್ಕೆ ಹತ್ತಿಕೊಳ್ಳುತ್ತದೆ. ಕನ್ನಡ ನ್ಯೂಸ್ ಚಾನೆಲ್ ಹಾಕಿ ನೋಡಿ, ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ: ಬ್ರೇಕಿಂಗ್ ನ್ಯೂಸ್‌ನ ಕೆಂಪು ಪಟ್ಟಿ ಕೆಳಗಿರಬೇಕು, ಪಕ್ಕದ ಗೋಡೆಗೆ ಏರಬಾರದು.

ಬಣ್ಣ ಡಬ್ಬಿಯಷ್ಟು ನಿಖರವಲ್ಲ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಗಾಜಿನ ಮೇಲಿನ ಪ್ರತಿಬಿಂಬವನ್ನೂ ಕ್ಯಾಮೆರಾ ಚಿತ್ರ ಅಂದುಕೊಳ್ಳುತ್ತದೆ. ಕತ್ತಲೆ ದೃಶ್ಯದಲ್ಲಿ ಗೋಡೆ ಬೂದು ಬೂದಾಗಿ ಉಳಿಯುತ್ತದೆ. ಅರ್ಧ ಹೆಜ್ಜೆ ಹಿಂದೆಯೂ ಬೀಳುತ್ತದೆ. ಗೇಮ್ ಆಡುವಾಗ ಗೊತ್ತಾಗುತ್ತದೆ, ಸೀರಿಯಲ್‌ಗೆ ಗೊತ್ತಾಗುವುದಿಲ್ಲ. ಕ್ರಿಕೆಟ್‌ಗೆ ಮಾತ್ರ ಯಾವುದಿದ್ದರೂ ಅಷ್ಟೇ. ಮೂರೂವರೆ ಗಂಟೆ ಗೋಡೆ ಹಸಿರು!

ನಮ್ಮ ಹಾಲ್‌ನ ಗೋಡೆ ತಿಳಿ ಗುಲಾಬಿ. ಅದರ ಮೇಲೆ ಬಿದ್ದ ನೀಲಿ ನೇರಳೆಯಾಗಿ ಕಾಣುತ್ತದೆ. ಯಾವ ಬಗೆ ಕೊಂಡರೂ ಇದು ತಪ್ಪಿದ್ದಲ್ಲ, ಬಿಳಿ ಗೋಡೆಯವರೇ ಪುಣ್ಯವಂತರು.

ಹಾಡಿಗೆ ಕುಣಿಯುವ ದೀಪ ಬೇಕು ಅನ್ನುವವರಿಗೆ ಮೈಕ್ ಇರುವ ಅಗ್ಗದ ಸ್ಟ್ರಿಪ್ ಸಾಕು. ತಮಟೆ, ಡೋಲು ಇರುವ ಹಾಡಿಗೆ ಚೆನ್ನಾಗಿ ಕುಣಿಯುತ್ತದೆ, ಭಾವಗೀತೆಗೆ ಸುಮ್ನೆ ಮಿಣುಕುತ್ತದೆ. ಆದರೆ ಮೈಕಿಗೆ ಹಾಡು ಯಾವುದು, ಸದ್ದು ಯಾವುದು ಅಂತ ಗೊತ್ತಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಹಾಲ್ ಪೂರ್ತಿ ಬೆಳಗುತ್ತದೆ, ಮಿಕ್ಸಿ ಹಾಕಿದರೆ ಜಾತ್ರೆ. ಆ್ಯಪ್‌ನಲ್ಲಿ ಮೈಕಿನ ಸೂಕ್ಷ್ಮತೆ ತಗ್ಗಿಸಿ, ಮೈಕ್ ಇರುವ ಪುಟ್ಟ ಪೆಟ್ಟಿಗೆಯನ್ನು ಸ್ಪೀಕರ್ ಹತ್ತಿರ ಇಟ್ಟರೆ ಎಷ್ಟೋ ಮೇಲು.

ಕೈಯಲ್ಲೇ ಮಾಡಿಕೊಳ್ಳುವವರಿಗೆ ದೀಪದ ಸ್ಟ್ರಿಪ್ ನಡೆಸುವ ಡಬ್ಲ್ಯೂಎಲ್‌ಇಡಿ ಅನ್ನುವ ತಂತ್ರಾಂಶ ಇದೆ. ಅದು ಉಚಿತ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆ ತಂತ್ರಾಂಶ ಓಡಿಸುವ ಇಎಸ್‌ಪಿ32 ಅನ್ನುವ ಪುಟ್ಟ ಬೋರ್ಡು, ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಲ್ಲ ಡಬ್ಲ್ಯೂಎಸ್2812ಬಿ ಸ್ಟ್ರಿಪ್ಪು ಸಿಗುತ್ತವೆ. ನನಗೆ ತುಂಬಾ ಖುಷಿ ಕೊಟ್ಟದ್ದು ಇದೇ, ಮನೆಯವರಿಗೆ ತುಂಬಾ ಕಿರಿಕಿರಿ ಕೊಟ್ಟದ್ದೂ ಇದೇ. ಕರೆಂಟಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. 55 ಇಂಚಿನ ಟಿವಿಯ ಸುತ್ತಳತೆ ಸುಮಾರು 3.8 ಮೀಟರ್. ಮೀಟರಿಗೆ 60 ದೀಪ ಅಂದರೆ 228. ಪೂರ್ತಿ ಬಿಳಿಯಲ್ಲಿ ಒಂದೊಂದೂ 60 ಮಿಲಿ ಆಂಪ್‌ವರೆಗೆ ಎಳೆಯಬಹುದು. ಒಟ್ಟು 5 ವೋಲ್ಟಿನಲ್ಲಿ 13 ಆಂಪ್ ದಾಟುತ್ತದೆ. ಫೋನ್ ಚಾರ್ಜರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿಯಲ್ಲಿ ಬಿಳಿ ಹೋಗಿ ಕೆಂಪು ಮಿಶ್ರಿತ ಹಳದಿಯಾಗುತ್ತದೆ. ಎರಡೂ ತುದಿಗೆ ಕೊಡಬೇಕು. ತಂತ್ರಾಂಶದಲ್ಲೇ ಆಂಪ್‌ಗೆ ಮಿತಿ ಹಾಕುವ ಸೌಲಭ್ಯವೂ ಇದೆ, ಅದನ್ನು ಬಳಸಿ. ಹಾಡಿಗೆ ಇದರ ಜೊತೆ ಬೋರ್ಡಿಗೊಂದು ಮೈಕ್ ಜೋಡಿಸಿದರೆ ಸಾಕು. ಟಿವಿ ಚಿತ್ರಕ್ಕೆ ಹೊಂದಿಸಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರ ಮೇಲೆ ಚಿತ್ರದಿಂದ ಬಣ್ಣ ಹೆಕ್ಕುವ ಹೈಪೀರಿಯನ್ ತಂತ್ರಾಂಶ, ಜೊತೆಗೆ ಎಚ್‌ಡಿಎಂಐ ಚಿತ್ರವನ್ನು ಕಂಪ್ಯೂಟರಿಗೆ ಒಪ್ಪಿಸುವ ಕ್ಯಾಪ್ಚರ್ ಕಾರ್ಡ್ ಬೇಕು. ಕಾಪಿ ತಡೆಯುವ ಎಚ್‌ಡಿಸಿಪಿ ಬೀಗ ಇರುವ ಚಿತ್ರ ಬಂದರೆ ಕಾರ್ಡಿಗೆ ಕಾಣುವುದು ಬರೀ ಕಪ್ಪು.

ಗೇಮ್ ಕನ್ಸೋಲ್ ಇದ್ದು, ದುಡ್ಡಿಗೆ ಚಿಂತೆ ಇಲ್ಲದವರು ಡಬ್ಬಿ ಕೊಳ್ಳಲಿ. ನಮ್ಮ ಹಾಲ್‌ನಲ್ಲಿ ಉಳಿದಿರುವುದು ಕ್ಯಾಮೆರಾ, ನನ್ನ ಕೋಣೆಯಲ್ಲಿ ಡಬ್ಲ್ಯೂಎಲ್‌ಇಡಿ. ಅಪಾರ್ಟ್‌ಮೆಂಟಿನಲ್ಲಿ ಡಬ್ಬಿ ಹಾಕುವವರಿಗೆ ಒಂದು ಮಾತು: ಜಿಗ್‌ಬೀ, ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ. ದೀಪ ತಡವರಿಸಿದರೆ ವೈಫೈಯನ್ನು ಚಾನೆಲ್ 1ಕ್ಕೆ, ಬ್ರಿಜ್ಜನ್ನು ಜಿಗ್‌ಬೀ ಚಾನೆಲ್ 20 ಅಥವಾ 25ಕ್ಕೆ ಹಾಕಿ ನೋಡಿ.