ಜಾನಪದ ಲೋಕ, ರಾಮನಗರ: ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಿ

ಜಾನಪದ ಲೋಕ ಅನ್ನೋ ಈ ಮ್ಯೂಸಿಯಂಗೆ ಹಿಂದೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಫೋಟೊ ತೆಗೆದು ವಾಪಸ್ ಬಂದಿದ್ದೆ. ಈ ಸಲ ಅಮ್ಮ ಮತ್ತು ಮಗನ ಜೊತೆ ಹೋದೆ. ಜಾಗ ಅದೇ, ನೋಡಿದ್ದು ಮಾತ್ರ ಬೇರೆ.

ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇದೆ, ಸುಮಾರು 15 ಎಕರೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಐಎಎಸ್ ಅಧಿಕಾರಿಯಾಗಿದ್ದವರು ಹಳ್ಳಿ ಮನೆಯ ಸಾಮಾನು, ಹಾಡು, ಕಥೆ ಎಲ್ಲವನ್ನೂ ಕೂಡಿಹಾಕಿದರಲ್ಲ, ಅದಕ್ಕೇ ಒಂದು ದೊಡ್ಡ ನಮಸ್ಕಾರ.

ಒಳಗೆ ಧಾನ್ಯ ಅಳೆಯುವ ಕೊಳಗ, ಸೇರುಗಳ ಮುಂದೆ ಅಮ್ಮ ನಿಂತುಬಿಟ್ಟರು. ಖಾಲಿ ಕೈಯಲ್ಲೇ ರಾಗಿ ಮೊಗೆದು ಸುರಿಯುವ ಹಾಗೆ ಮಾಡುತ್ತಾ ಎಣಿಸತೊಡಗಿದರು: "ಲಾಭ, ಎರಡು, ಮೂರು..."

"ಒಂದು ಎಲ್ಲಿ ಹೋಯ್ತು ಅಜ್ಜಿ?" ಅಂದ ಮಗ.

"ರಾಶಿ ಮುಂದೆ ಕೂತು ಒಂದು ಅನ್ನಬಾರದು ಮಗಾ, ಲಾಭ ಅನ್ನಬೇಕು."

ಆಮೇಲೆ ಬೆಳೆ ಒಕ್ಕುವ ಕಣದ ಕಥೆ ಶುರುವಾಯ್ತು. ರಾಶಿ ಪೂಜೆ, ರಾಶಿ ಮನೆ ಸೇರುವ ಮುಂಚೆ ಎಲ್ಲಿ ಮಳೆ ಬರುತ್ತೋ ಅನ್ನೋ ಭಯ, ಮೊದಲ ಕೊಳಗ ತುಂಬುವಾಗ ಯಾರೂ ಸುಮ್ನೆ ಮಾತಾಡುತ್ತಿರಲಿಲ್ಲ ಅನ್ನೋದು, ಎಲ್ಲಾ ಬಂತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆವು.

ಎಂಎನಲ್ಲಿ ಫಿಲಾಸಫಿ ಓದುವಾಗ ಜರ್ಮನಿಯ ತತ್ವಜ್ಞಾನಿ ಡಿಲ್ಥಿ (1833–1911) ನನಗೆ ತಲೆಗೇ ಹತ್ತಿರಲಿಲ್ಲ. ಪ್ರಕೃತಿಯನ್ನು ಕಾರಣ ಹುಡುಕಿ ವಿವರಿಸಬಹುದು, ಮನುಷ್ಯರ ಬದುಕನ್ನು ಒಳಗಿನಿಂದ ಅರ್ಥ ಮಾಡಿಕೊಳ್ಳಬೇಕು ಅನ್ನೋದು ಅವರ ವಾದ. ಪರೀಕ್ಷೆಗೆ ಬರೆದು ಮರೆತಿದ್ದೆ. ಅವತ್ತು ಆ ಕೊಳಗದ ಮುಂದೆ ಹೊಳೆಯಿತು. ಕೊಳಗದಲ್ಲಿ ಎಷ್ಟು ರಾಗಿ ಹಿಡಿಯುತ್ತೆ ಅಂತ ಯಾವ ದೇಶದವರು ಬೇಕಾದರೂ ಅಳೆದು ಹೇಳಬಹುದು. ಆದರೆ 'ಒಂದು' ಯಾಕೆ 'ಲಾಭ' ಆಯ್ತು ಅನ್ನೋದು ಆ ಕಣ, ಆ ಭಯ, ಆ ಆಸೆ ಗೊತ್ತಿಲ್ಲದೆ ತಿಳಿಯುವುದಿಲ್ಲ. ಎಣಿಕೆಯ ಮೊದಲ ಅಂಕಿಯೊಳಗೇ ಒಂದು ಊರಿನ ಬದುಕು ಕೂತಿದೆ, ಅಲ್ವಾ?

ಹಾಗಂತ ಇದು ಒಳಗಿನವರಿಗೆ ಮಾತ್ರ ಅರ್ಥವಾಗುತ್ತೆ ಅಂತಲ್ಲ. ನಾನು ಚಿಕ್ಕಂದಿನಿಂದ 'ಲಾಭ' ಕೇಳಿಕೊಂಡೇ ಬೆಳೆದವಳು, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದು ಅಪಾರ್ಟ್‌ಮೆಂಟಿನಲ್ಲಿ ಬೆಳೆದ, ಕಣವನ್ನೇ ನೋಡದ ನನ್ನ ಮಗ. ಅವನಿಗೆ ಅದು ಹೊಸದು, ಅದಕ್ಕೇ ಕಂಡಿತು. ನನಗೆ ಇದೇ ಜಾಸ್ತಿ ಕಾಡಿದ್ದು.

ಅರ್ಧ ದಿನವಾದರೂ ಇಟ್ಟುಕೊಂಡು ಹೋಗಿ, ಓಡಬೇಡಿ. ತೊಗಲುಗೊಂಬೆಗಳನ್ನು ನಾವು ಅವಸರದಲ್ಲಿ ನೋಡಿದೆವು. ಮುಂದಿನ ಸಲ ಮಾವನವರನ್ನು ಕರೆದುಕೊಂಡು ಹೋಗಿ ಮೊದಲು ಅವುಗಳ ಮುಂದೆ ನಿಲ್ಲುತ್ತೇನೆ. ಪ್ರಶ್ನೆ ಕೇಳುವ ಕೆಲಸ ಮಗನದೇ.