ಹಳೇ ಆಫೀಸ್ ಡೆಸ್ಕ್‌ಟಾಪೇ ಮನೆಯ ಫೈರ್‌ವಾಲ್: ಮೂರು ಮಳೆಗಾಲದ ನಂತರ

ಜಾಗ ಕಾರವಾರ, ಕಡಲಿಗೆ ಕೂಗಳತೆಯ ದೂರ. ಯಂತ್ರ ಸಣ್ಣ ಕ್ಯಾಬಿನೆಟ್ಟಿನ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: ನಾಲ್ಕನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ, ಮೇಲೆ ಓಪಿಎನ್‌ಸೆನ್ಸ್ ಎಂಬ ಉಚಿತ ಫೈರ್‌ವಾಲ್ (ಮನೆಯ ನೆಟ್‌ವರ್ಕಿನ ಕಾವಲುಗಾರ) ಸಾಫ್ಟ್‌ವೇರ್. ಸಾಫ್ಟ್‌ವೇರ್ ಒಮ್ಮೆಯೂ ಕೈಕೊಟ್ಟಿಲ್ಲ. ಆಟ ಆಡಿಸಿದ್ದು ಮದರ್‌ಬೋರ್ಡಿನ ಬಟನ್ ಸೆಲ್.

ಕರೆಂಟು ಬಂದ ಕೂಡಲೇ ತಾನೇ ಆನ್ ಆಗಲಿ ಎಂದು ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗುಗಳ ಜಾಗ) 'ಎಸಿ ರಿಕವರಿ'ಯನ್ನು 'ಪವರ್ ಆನ್'ಗೆ ಇಡುತ್ತೇವೆ. ಆ ಬಟನ್ ಸೆಲ್ (ಸಿಆರ್2032) ಸತ್ತಿದ್ದರೆ ಆ ಸೆಟ್ಟಿಂಗೂ ಅಳಿಸಿಹೋಗುತ್ತದೆ, ಗಡಿಯಾರವೂ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಬಟನ್ ಒತ್ತಿ ಆನ್ ಮಾಡಿದರೂ 'ಎಫ್1 ಒತ್ತಿ' ಎಂದು ಕಾಯುತ್ತಾ ನಿಲ್ಲುತ್ತದೆ. ಮಾನಿಟರ್, ಕೀಬೋರ್ಡ್ ಇಲ್ಲದ ಪೆಟ್ಟಿಗೆ, ಯಾರಿಗೆ ಕಾಣಬೇಕು! ಹೇಗೋ ಬೂಟ್ ಆದರೂ ತಾರೀಖು ತಪ್ಪಿದ್ದರಿಂದ ಡಿಎನ್‌ಎಸ್‌ಸೆಕ್ ಪರಿಶೀಲನೆ (ಸರ್ವರ್ ಹೆಸರಿಗೆ ಸಿಕ್ಕ ವಿಳಾಸ ಅಸಲಿಯೇ ಎಂದು ನೋಡುವುದು) ಸೋಲುತ್ತದೆ, ಟೈಮ್ ಸರ್ವರಿನ ಹೆಸರೇ ಸಿಗುವುದಿಲ್ಲ, ಹಾಗಾಗಿ ಗಡಿಯಾರ ಸರಿಹೋಗುವುದೂ ಇಲ್ಲ. ಹಳೇ ಯಂತ್ರ ತಂದ ದಿನವೇ ಹೊಸ ಸೆಲ್ ಹಾಕಿ. ಡಿಸ್ಕಿನ ಫೈಲ್ ಸಿಸ್ಟಮ್ ಆಗಿ ಯುಎಫ್‌ಎಸ್ ಬೇಡ, ಝಡ್‌ಎಫ್‌ಎಸ್ ಆಯ್ದುಕೊಳ್ಳಿ; ದಿಢೀರ್ ಕರೆಂಟು ಹೋಗುವುದನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಯುಪಿಎಸ್ ಇದ್ದರೂ ಈ ಮಾತು ಬದಲಾಗದು.

ಬೋರ್ಡಿನಲ್ಲಿರುವುದು ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್ ಆದರೆ, ಓಪಿಎನ್‌ಸೆನ್ಸಿನ ತಳಹದಿಯಾದ ಫ್ರೀಬಿಎಸ್‌ಡಿಯ ಮೂಲ ಡ್ರೈವರಿನಲ್ಲಿ ಭಾರ ಬಿದ್ದಾಗ 'ವಾಚ್‌ಡಾಗ್ ಟೈಮ್‌ಔಟ್' ಎಂಬ ದೋಷ ಬಂದು ಸಂಪರ್ಕ ಕಡಿಯುವುದುಂಟು. ಎರಡು ಪೋರ್ಟಿನ ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ಹಾಕಿದರೆ ತಲೆನೋವಿಲ್ಲ. ಕೊಳ್ಳುವಾಗ ಗಿಡ್ಡ ಬ್ರಾಕೆಟ್ ಇದೆಯೇ ಕೇಳಿ, ಉದ್ದದ್ದು ಈ ಕ್ಯಾಬಿನೆಟ್ಟಿಗೆ ಕೂರದು. ನಕಲಿ ಕಾರ್ಡುಗಳೂ ಬೇಕಾದಷ್ಟಿವೆ.

ಫೈಬರ್ ಮೋಡೆಮ್ಮನ್ನು ಬ್ರಿಡ್ಜ್ ಮಾಡಿಸಿ (ಅದು ಬರೀ ಸಂಪರ್ಕ ದಾಟಿಸಲಿ), ಇಂಟರ್‌ನೆಟ್ ಕಂಪನಿಯ ಪಿಪಿಪಿಒಇ ಲಾಗಿನ್ ಫೈರ್‌ವಾಲಿನಲ್ಲೇ ಇರಲಿ, ಎಂಟಿಯು (ಒಮ್ಮೆಗೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492. ಆಮೇಲೂ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದೆ. ಆ ಐಪಿವಿ4 ವಿಳಾಸದಲ್ಲಿ ಪೋರ್ಟ್ ಫಾರ್ವರ್ಡಿಂಗ್‌ಗೆ (ಹೊರಗಿನಿಂದ ಮನೆಯ ಯಂತ್ರಕ್ಕೆ ದಾರಿ ಬಿಡುವುದು) ಒದ್ದಾಡಿ ಫಲವಿಲ್ಲ.

ಉಪ್ಪುಗಾಳಿಗೆ ರ‍್ಯಾಮಿನ ಕಾಲುಗಳು ಮಂಕಾಗುತ್ತವೆ. ಮಳೆ ಮುಗಿದ ಮೇಲೆ ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಿ. ಕ್ಯಾಬಿನೆಟ್ ಕಿಟಕಿ ಪಕ್ಕ ಬೇಡ.

30 ವ್ಯಾಟ್ ಎಂದು ಹಿಡಿದರೆ ತಿಂಗಳಿಗೆ ಸುಮಾರು 22 ಯೂನಿಟ್. ಬಿಲ್ಲಿನ ಚಿಂತೆ ಇರುವವರಿಗೆ ಫ್ಯಾನಿಲ್ಲದ ಮಿನಿ ಪಿಸಿಯೇ ವಾಸಿ. ಹಳೇದು ಅಂತ ಕೋರ್ 2 ಡುಯೊ ಎಳೆದು ತರುವುದಂತೂ ಬೇಡ, ವಿಪಿಎನ್‌ನ ಗೂಢಲಿಪಿ ಕೆಲಸವನ್ನು ಚುರುಕಾಗಿಸುವ ಎಇಎಸ್ ಸೌಲಭ್ಯ ಅದರಲ್ಲಿಲ್ಲ.

ಸೆಟ್ಟಿಂಗ್ ಬದಲಿಸಿದಾಗೆಲ್ಲ ಕಾನ್ಫಿಗ್ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಡಿ. ಹೊಸ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವಾಗ ಅದನ್ನೇ ಇಂಪೋರ್ಟ್ ಮಾಡಬಹುದು. ಕಾರ್ಡ್ ಬದಲಾಗಿದ್ದರೆ ಮಾತ್ರ ಇಂಟರ್‌ಫೇಸುಗಳನ್ನು ಕೈಯಾರೆ ಮತ್ತೆ ಹೊಂದಿಸಬೇಕು.