ಮತ್ತೆ ಮಡಚಿದ ಬೆರಳಿಗೆ ಎರಡನೆಯ ಶಸ್ತ್ರಚಿಕಿತ್ಸೆ: ಒಪ್ಪುವ ಮೊದಲು ತಿಳಿದಿರಬೇಕಾದದ್ದು

ಅಂಗೈ ಚರ್ಮದ ಕೆಳಗಿನ ಪೊರೆ ದಪ್ಪಗಾಗಿ, ಹುರಿಯಂತೆ ಬಿಗಿದು, ಬೆರಳನ್ನು ಒಳಕ್ಕೆ ಎಳೆಯುವ ಕಾಯಿಲೆಗೆ ಡ್ಯುಪ್ಯುಟ್ರೆನ್ ಸಂಕೋಚನ ಎನ್ನುತ್ತಾರೆ. ಉತ್ತರ ಯುರೋಪಿನವರಲ್ಲಿ ಹೆಚ್ಚಾಗಿರುವ ಇದು ನಮ್ಮಲ್ಲಿ ಅಪರೂಪವಾದರೂ, ನನ್ನಂಥ ಸಕ್ಕರೆ ಕಾಯಿಲೆಯವರನ್ನು ಬಿಡುವುದಿಲ್ಲ. ನನ್ನ ಬಲಗೈಯ ಕಿರುಬೆರಳಿಗೆ ಆದ ಮೊದಲ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಐದನೆಯ ವರ್ಷಕ್ಕೆ ಬೆರಳು ಮತ್ತೆ ಬಾಗಿತು. ಹೋದ ಸಲದಂತೆಯೇ ಇದೂ ಮುಗಿಯುತ್ತದೆಂದು ನಂಬಿ, ಬೇರೊಂದು ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರವನ್ನು ಓದದೆಯೇ ಸಹಿ ಹಾಕಿದೆ.

ತೋಳಿಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟಿದ್ದರಿಂದ ನಾನು ಎಚ್ಚರವಾಗಿದ್ದೆ. ರಕ್ತ ತಡೆಯಲು ತೋಳಿಗೆ ಬಿಗಿದಿದ್ದ ಪಟ್ಟಿಯನ್ನು ಸಡಿಲಿಸಿದಾಗ ನಾಲ್ಕು ಬೆರಳುಗಳಿಗೆ ಕೆಂಪೇರಿತು. ಕಿರುಬೆರಳು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೇ ಉಳಿಯಿತು. ನೆಟ್ಟಗೆ ಮಾಡಿದ್ದ ಬೆರಳನ್ನು ವೈದ್ಯರು ಮತ್ತೆ ಮಡಚಿ, ಬೆಚ್ಚಗಿನ ದ್ರಾವಣದಲ್ಲಿ ನೆನೆಸಿದ ಬಟ್ಟೆ ಸುತ್ತಿ ಕಾದರು. ಬಹಳ ಹೊತ್ತಿನ ಮೇಲೆ ತುದಿಗೆ ಬಣ್ಣ ಬಂತು. ಬೆರಳು ಉಳಿಯಿತು. ಆದರೆ ಒಂದು ಪಕ್ಕದ ನರ ತುಂಡಾಗಿತ್ತು.

ಹೀಗೇಕಾಯಿತೆಂಬುದನ್ನು ಆಮೇಲೆ ತಿಳಿದುಕೊಂಡೆ. ಈ ಕಾಯಿಲೆಯಲ್ಲಿ ಬಿಗಿದ ಹುರಿಯು ಪಕ್ಕದ ನರವನ್ನು ಅದರ ಜಾಗದಿಂದ ಎಳೆದು, ಬೆರಳಿನ ನಡುವಿಗೆ, ಚರ್ಮದ ತೀರ ಹತ್ತಿರಕ್ಕೆ ತಂದು ನಿಲ್ಲಿಸಬಲ್ಲದು. ಒಮ್ಮೆ ಕೊಯ್ದ ಕೈಯಲ್ಲಿ ಹಳೆಯ ಗಾಯದ ಕಲೆಯೂ ಹೊಸ ಹುರಿಯೂ ನರವೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಯಾವುದು ಯಾವುದೆಂದು ಬಿಡಿಸುವುದು ನುರಿತವರಿಗೂ ಕಷ್ಟ; ಆದ್ದರಿಂದಲೇ ಎರಡನೆಯ ಸಲ ನರ ಮತ್ತು ರಕ್ತನಾಳಕ್ಕೆ ಪೆಟ್ಟಾಗುವ ಸಂಭವ ಮೊದಲಿಗಿಂತ ಹಲವು ಪಟ್ಟು ಹೆಚ್ಚು. ಪ್ರತಿ ಬೆರಳಿಗೂ ಮುಖ್ಯವಾಗಿ ಎರಡು ರಕ್ತನಾಳಗಳಿರುತ್ತವೆ. ಮೊದಲ ಸಲವೇ ಒಂದು ಹೋಗಿದ್ದು ಯಾರ ಗಮನಕ್ಕೂ ಬಾರದಿದ್ದರೆ, ಎರಡನೆಯದಕ್ಕೆ ತಗಲುವ ಪೆಟ್ಟು ಬೆರಳನ್ನೇ ತೆಗೆಯುವ ಸ್ಥಿತಿಗೆ ತರಬಹುದು. ಚರ್ಮ ಸಾಲದೆ ಬೇರೆಡೆಯಿಂದ ತಂದು ಕೂರಿಸಬೇಕಾದೀತು ಎಂಬುದನ್ನೂ ನನಗೆ ಮೊದಲು ಹೇಳಿರಲಿಲ್ಲ. ನಡುಗಂಟು ವರ್ಷಗಟ್ಟಲೆ ಮಡಚಿದ್ದರೆ ಅದು ಪೂರ್ತಿ ನೆಟ್ಟಗಾಗುವುದು ಅಪರೂಪ; ನನ್ನದೂ ಆಗಲಿಲ್ಲ.

ಮೊನ್ನೆ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು ಎದ್ದಾಗ ಕಿರುಬೆರಳ ಪಕ್ಕದಲ್ಲಿ ಬೊಬ್ಬೆ ಎದ್ದಿತ್ತು. ಸುಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇಂಥ ಗಾಯ ಸಣ್ಣದಲ್ಲ.

ಆದ್ದರಿಂದ ಮರುಶಸ್ತ್ರಚಿಕಿತ್ಸೆಯ ಮಾತು ಬಂದರೆ, ದಯವಿಟ್ಟು ಮೊದಲ ಸಲದ ದಾಖಲೆಗಳನ್ನು ತರಿಸಿಕೊಳ್ಳಿ. ಮರುಕಳಿಸಿದ ಬೆರಳುಗಳನ್ನೇ ಬಿಡಿಸಿ ಅನುಭವವಿರುವ ಕೈ ಶಸ್ತ್ರಚಿಕಿತ್ಸಕರನ್ನು ಹುಡುಕಿ. ಬಾಗಿದ ಬೆರಳಿನಿಂದ ದಿನದ ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೆ ಈಗಲೇ ಕೊಯ್ಯಬೇಕೇ ಎಂದು ಕೇಳಿ. ನಾನು ಈಗ ತೋರಿಸಿಕೊಳ್ಳುತ್ತಿರುವ ವೈದ್ಯರು ಬೆರಳಿನ ಬುಡವನ್ನು ಎರಡೂ ಪಕ್ಕ ಒತ್ತಿ ಹಿಡಿದು, ಒಂದೊಂದೇ ಪಕ್ಕವನ್ನು ಬಿಟ್ಟು, ತುದಿಗೆ ಬಣ್ಣ ಬರುತ್ತದೆಯೇ ಎಂದು ನೋಡಿದರು. ಒಂದೇ ನಿಮಿಷದ ಪರೀಕ್ಷೆ. ಎರಡನೆಯ ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಯಾರೂ ಮಾಡಿರಲಿಲ್ಲ. ಮಾಡಿ ಎಂದು ಕೇಳಲು ನನಗೂ ತಿಳಿದಿರಲಿಲ್ಲ.